ಶೀತವೂ ಶೀನವೂ: ಪಾನೀಯಗಳ ಅತಿಶೈತ್ಯದ ಚರಿತ್ರೆ

ನೀರು ಸೆಂಟಿಗ್ರೇಡ್ ಮಾನದ ಸೊನ್ನೆಯ ಡಿಗ್ರಿಯಲ್ಲಿ ಹೆಪ್ಪುಗಟ್ಟುವುದೆಂಬುದು ಬಾಲಬೋಧೆಯ ಪಾಠ. ಆದರೆ ನಿರ್ಮಲವಾದ ನೀರನ್ನಾಗಲಿ ಪಾನಕವನ್ನಾಗಲಿ ಶುದ್ಧವಾದ ಪಾತ್ರೆಯಲ್ಲಿ ಮುಚ್ಚಿಟ್ಟು, ಅಲುಗಿಸದೆ ಮೆಲ್ಲಮೆಲ್ಲನೆ ತಣಿಸುತ್ತ ಹೋದರೆ, ಅದು ತಾನು ಹೆಪ್ಪುಗಟ್ಟಬೇಕಾದ ಮಟ್ಟವನ್ನು ದಾಟಿ ಐದಾರು ಡಿಗ್ರಿಗಳಷ್ಟು ಕೆಳಗಿಳಿದರೂ ದ್ರವವಾಗಿಯೇ ಉಳಿಯುವುದುಂಟು. ಆ ಸ್ಥಿತಿಯಲ್ಲಿ ಪಾತ್ರೆಯನ್ನು ಒಮ್ಮೆ ತಟ್ಟಿದರೆ, ಅಥವಾ ಮಂಜುಗಡ್ಡೆಯ ಒಂದು ಕಣವನ್ನು ಅದರೊಳಕ್ಕೆ ಹಾಕಿದರೆ, ಕಣ್ಣೆವೆಯಿಕ್ಕುವಷ್ಟರಲ್ಲಿ ಅದರ ತುಂಬ ಹಿಮದ ಸೂಜಿಗಳು ಹರಡುವುವು. ಶೀತಪೆಟ್ಟಿಗೆಯಲ್ಲಿ ಮರೆತಿಟ್ಟ ಸೀಸೆಯ ಪಾನೀಯವು ಹೊರಗೆ ತೆಗೆದಾಗ ತಿಳಿಯಾಗಿದ್ದು, ಬಿರಡೆಯನ್ನು ತೆರೆದೊಡನೆ ಮಂಜಿನ ಕೆಸರಾಗುವುದನ್ನು ಈಚಿನ ಕಾಲದಲ್ಲಿ ಅನೇಕರು ಕಂಡಿರುವರು. ಈ ಸ್ಥಿತಿಯನ್ನು ‘ಅತಿಶೈತ್ಯ’ವೆಂದು ಕರೆಯಬಹುದು.

ಇದರ ಚರಿತ್ರೆಯನ್ನು ಹೇಳುವಾಗ ಎರಡು ಬಗೆಯ ಅತಿರೇಕಗಳು ಸಂಭವಿಸುತ್ತವೆ. ಯೂರೋಪಿನ ಪ್ರಯೋಗಶಾಲೆಗಳಲ್ಲಿ ಆರಂಭಿಸಿ ಅಲ್ಲಿಯೇ ಮುಗಿಸುವುದು ಒಂದು. ಪ್ರಾಚೀನ ಭಾರತೀಯರು ತಿಳಿಯದಿದ್ದ ವಿದ್ಯೆಯೇ ಇಲ್ಲವೆಂದು ನಂಬಿ, ಶಾಸ್ತ್ರವಾಕ್ಯಗಳಿಂದ ಹೊಸ ಅರ್ಥಗಳನ್ನು ಹಿಂಡುವುದು ಮತ್ತೊಂದು. ಆಧಾರಗಳನ್ನು ಕ್ರಮವಾಗಿ ಪರಿಶೀಲಿಸಿದರೆ ಎರಡೂ ನಿಲ್ಲುವುದಿಲ್ಲ. ಸಂಸ್ಕೃತ ಭಾಷೆಯು ತಣ್ಣಗಾಗುವಿಕೆಯನ್ನೂ ಹೆಪ್ಪುಗಟ್ಟುವಿಕೆಯನ್ನೂ ಬೇರೆಬೇರೆಯಾಗಿ ಗುರುತಿಸಿತ್ತು. ಪ್ರಯಾಗದ ಮಂಜುಗಡ್ಡೆಯ ಕೆಲಸಗಾರರು ಇವೆರಡರ ಅಂತರವನ್ನು ತಮ್ಮ ಕಸುಬಿನಲ್ಲಿ ನಿತ್ಯವೂ ಎದುರಿಸುತ್ತಿದ್ದರು. ಅದನ್ನು ಅಳೆದು ಕಾರಣವನ್ನು ಹುಡುಕಿದವರು ಯೂರೋಪಿನ ವಿದ್ವಾಂಸರು. ಈ ಮೂರನ್ನೂ ಅವುಗಳ ಸ್ಥಾನದಲ್ಲಿಟ್ಟು ನೋಡುವುದೇ ಪ್ರಕೃತ ಲೇಖನದ ಉದ್ದೇಶ.

೧. ವ್ಯಾಕರಣದ ಸಾಕ್ಷ್ಯ

‘ಶೀತ’ವೆಂಬ ಶಬ್ದವು ‘ಶ್ಯೈಙ್’ ಧಾತುವಿನಿಂದ ಹುಟ್ಟಿದುದು. ಇದೇ ಧಾತುವಿಗೆ ಇದೇ ನಿಷ್ಠಾಪ್ರತ್ಯಯವು ಸೇರಿ ‘ಶೀನ’ವೆಂಬ ಮತ್ತೊಂದು ಶಬ್ದವೂ ಸಿದ್ಧಿಸುತ್ತದೆ. ಪಾಣಿನಿಯು ಅಷ್ಟಾಧ್ಯಾಯಿಯ ಆರನೆಯ ಅಧ್ಯಾಯದ ಮೊದಲನೆಯ ಪಾದದ ೨೪ನೆಯ ಸೂತ್ರದಲ್ಲಿ, ದ್ರವವು ಗಟ್ಟಿಯಾಗುವ ಅರ್ಥದಲ್ಲಿಯೂ ಸ್ಪರ್ಶದ ಅರ್ಥದಲ್ಲಿಯೂ ಈ ಧಾತುವಿಗೆ ಸಂಪ್ರಸಾರಣವನ್ನು ವಿಧಿಸಿರುವನು. ಎಂಟನೆಯ ಅಧ್ಯಾಯದ ಎರಡನೆಯ ಪಾದದ ೪೭ನೆಯ ಸೂತ್ರದಲ್ಲಿ, ಸ್ಪರ್ಶಾರ್ಥವಿಲ್ಲದೆಡೆಯಲ್ಲಿ ಮಾತ್ರ ಪ್ರತ್ಯಯದ ತಕಾರಕ್ಕೆ ನಕಾರವನ್ನು ಹೇಳಿರುವನು. ಇದರಿಂದ, ಮುಟ್ಟಿದರೆ ತಣ್ಣಗಿರುವುದು ‘ಶೀತ’. ದ್ರವವಾಗಿದ್ದು ಗಟ್ಟಿಯಾದುದು ‘ಶೀನ’. ವೃತ್ತಿಕಾರರು ಕೊಡುವ ಉದಾಹರಣೆಗಳೂ ಹೀಗೆಯೇ ಇವೆ: ಗಾಳಿಯೂ ನೀರೂ ಶೀತವಾಗುವುವು, ತುಪ್ಪವೂ ವಸೆಯೂ ಶೀನವಾಗುವುವು.

ಒಂದೇ ಧಾತು, ಒಂದೇ ಪ್ರತ್ಯಯ; ಆದರೂ ಒಂದು ಅಕ್ಷರದ ಭೇದದಿಂದ ಎರಡು ಸಂಗತಿಗಳು ಬೇರ್ಪಟ್ಟಿರುವುವು. ತಣ್ಣಗಾಗುವುದೂ ಹೆಪ್ಪುಗಟ್ಟುವುದೂ ಪರಸ್ಪರ ಸಂಬಂಧವುಳ್ಳವು; ಆದರೆ ಒಂದೇ ಅಲ್ಲ ಎಂಬ ವಿವೇಕವು ಇಲ್ಲಿ ಸ್ಪಷ್ಟವಾಗಿದೆ. ಅತಿಶೈತ್ಯವನ್ನು ಈ ಪರಿಭಾಷೆಯಲ್ಲಿ ಹೇಳುವುದಾದರೆ, ಅದು ಶೀನವಾಗಬೇಕಾದ ಮಟ್ಟವನ್ನು ಮೀರಿ ಶೀತವಾದರೂ ಶೀನವಾಗದಿರುವ ಸ್ಥಿತಿ. ಹಾಗೆಂದು ಪಾಣಿನಿಗೆ ಅತಿಶೈತ್ಯವು ಗೊತ್ತಿತ್ತೆಂದು ಹೇಳುವುದು ಸಾಧ್ಯವಿಲ್ಲ. ಅವನ ಲಕ್ಷ್ಯವು ಶಬ್ದಸಾಧುತ್ವದಲ್ಲಿ. ಅವನ ಮುಂದಿದ್ದ ಪ್ರಯೋಗಗಳು ಹೆಪ್ಪುಗಟ್ಟಿದ ತುಪ್ಪದಂತಹ ಮನೆಮಾತಿನವು. ಭಾಷೆಯು ಭೇದವನ್ನು ಕಾಪಾಡಿತು. ಆ ಭೇದದ ಕಾರಣವನ್ನು ಅರಸುವುದು ಭಾಷೆಯ ಕೆಲಸವಾಗಿರಲಿಲ್ಲ.

ಹಾಗೆಯೇ ವೈಶೇಷಿಕ ದರ್ಶನದ ಐದನೆಯ ಅಧ್ಯಾಯದ ಎರಡನೆಯ ಆಹ್ನಿಕದಲ್ಲಿ, ನೀರಿನ ಸಂಘಾತಕ್ಕೂ ವಿಲಯನಕ್ಕೂ ತೇಜಸ್ಸಿನ ಸಂಯೋಗವೇ ಕಾರಣವೆಂದು ಕಣಾದನು ಹೇಳಿರುವನು. ಆಲಿಕಲ್ಲು, ಹಿಮ ಮೊದಲಾದುವು ಗಟ್ಟಿಯಾಗಿರುವುದೇಕೆಂಬ ಪ್ರಶ್ನೆಗೆ ಆ ದರ್ಶನದವರು ಕೊಟ್ಟ ಉತ್ತರವಿದು. ಹೆಪ್ಪುಗಟ್ಟುವುದರಲ್ಲಿ ಉಷ್ಣದ ಪಾತ್ರವಿದೆಯೆಂಬ ಮಾತನ್ನು ನೋಡಿ, ಇದರಲ್ಲಿಯೇ ಹದಿನೆಂಟನೆಯ ಶತಮಾನದ ಗುಪ್ತೋಷ್ಣ ಸಿದ್ಧಾಂತವು ಅಡಗಿದೆಯೆಂದು ಸಾರಲು ಆಸೆಯಾಗಬಹುದು. ಆದರೆ ಗುಪ್ತೋಷ್ಣವು ಅಳತೆಯಿಂದ ಸಿದ್ಧವಾದ ವಿಷಯ. ಸೂತ್ರದಲ್ಲಿರುವುದು ಪದಾರ್ಥವಿಚಾರದಿಂದ ಬಂದ ಸಮಾಧಾನ. ಎರಡನ್ನೂ ಒಂದೆನ್ನುವುದು ಸೂತ್ರಕಾರನಿಗೂ ಪರೀಕ್ಷಕನಿಗೂ ಅನ್ಯಾಯ ಮಾಡಿದಂತೆಯೇ ಸರಿ.

೨. ಶೀತೀಕರಣದ ಪ್ರಾಚೀನ ಕ್ರಮಗಳು

ಪಾನೀಯಗಳನ್ನು ತಣಿಸುವ ವಿಷಯದಲ್ಲಿ ಸಂಸ್ಕೃತ ವಾಙ್ಮಯವು ಬಡವಾದುದಲ್ಲ. ಸುಶ್ರುತಸಂಹಿತೆಯ ಸೂತ್ರಸ್ಥಾನದ ೪೫ನೆಯ ಅಧ್ಯಾಯದಲ್ಲಿ ನೀರನ್ನು ತಣಿಸುವ ಏಳು ಕ್ರಮಗಳು ಎಣಿಸಲ್ಪಟ್ಟಿವೆ: ಪ್ರವಾತಸ್ಥಾಪನ, ಉದಕಪ್ರಕ್ಷೇಪಣ, ಯಷ್ಟಿಕಾಭ್ರಾಮಣ, ವ್ಯಜನ, ವಸ್ತ್ರೋದ್ಧರಣ, ವಾಲುಕಾಪ್ರಕ್ಷೇಪಣ, ಶಿಕ್ಯಾವಲಂಬನ. ಗಾಳಿಗೆ ಇಡುವುದು, ಬೀಸಣಿಗೆಯಿಂದ ಬೀಸುವುದು, ಕೋಲಿನಿಂದ ತಿರುವುವುದು, ಬಟ್ಟೆ, ನೀರು, ಮರಳುಗಳ ಸಹಾಯವನ್ನು ಪಡೆಯುವುದು, ನೆಲುವಿನಲ್ಲಿ ತೂಗುಹಾಕುವುದು ಎಂಬಿವು ಇದರಲ್ಲಿ ಸೇರಿವೆ. ಇವುಗಳಲ್ಲಿ ಬಹುಭಾಗವು ನೀರು ಆವಿಯಾಗುವಾಗ ತನ್ನ ಉಷ್ಣವನ್ನು ಕಳೆದುಕೊಳ್ಳುವುದೆಂಬ ನಿಯಮವನ್ನೇ ಆಶ್ರಯಿಸಿದೆ. ಕನ್ನಡ ನಾಡಿನ ಮನೆಗಳಲ್ಲಿ ಬೇಸಗೆಯ ದಿನ ಒದ್ದೆಯ ಬಟ್ಟೆಯನ್ನು ಸುತ್ತಿ ಮರಳಿನ ಮೇಲಿಡುವ ಮಣ್ಣಿನ ಹೂಜಿಯೂ, ಬೀದಿಯ ಅರವಟ್ಟಿಗೆಯ ಗುಡಾಣವೂ ಈ ಪರಂಪರೆಗೇ ಸೇರಿದುವು.

ಕಲ್ಯಾಣದ ಚಾಲುಕ್ಯ ದೊರೆ ಮೂರನೆಯ ಸೋಮೇಶ್ವರನು ಹನ್ನೆರಡನೆಯ ಶತಮಾನದಲ್ಲಿ ರಚಿಸಿದ ಮಾನಸೋಲ್ಲಾಸದಲ್ಲಿ ಪಾನೀಯಭೋಗ, ಪಾನಕಭೋಗಗಳಿಗೆ ಪ್ರತ್ಯೇಕ ಪ್ರಕರಣಗಳಿವೆ. ಯಾವ ಋತುವಿನಲ್ಲಿ ಯಾವ ಬಗೆಯ ನೀರು ಹಿತ, ಅದನ್ನು ತಿಳಿಗೊಳಿಸಿ ಸುವಾಸನೆಗೊಳಿಸುವ ಬಗೆ ಯಾವುದು ಎಂಬ ವಿಚಾರವು ಅಲ್ಲಿ ಬಂದಿದೆ. ಹದಿನಾರನೆಯ ಶತಮಾನದ ಆರಂಭದಲ್ಲಿದ್ದ ಮೂರನೆಯ ಮಂಗರಸನೂ ತನ್ನ ಕನ್ನಡ ಸೂಪಶಾಸ್ತ್ರದಲ್ಲಿ ಪಾನಕಗಳಿಗೆ ಸ್ಥಳವನ್ನು ಕೊಟ್ಟಿರುವನು. ಈ ಗ್ರಂಥಗಳ ದೃಷ್ಟಿಯು ರುಚಿ, ಪರಿಮಳ, ಆರೋಗ್ಯಗಳ ಕಡೆಗೆ. ತಂಪೆಂದರೆ ನಾಲಗೆಗೂ ಒಡಲಿಗೂ ಹಿತವಾದ ತಂಪು. ನೀರನ್ನು ಹೆಪ್ಪುಗಟ್ಟುವವರೆಗೆ ತಣಿಸುವ ಪ್ರಶ್ನೆಯು ಅಲ್ಲಿ ಏಳುವಂತೆಯೇ ಇರಲಿಲ್ಲ. ಏಕೆಂದರೆ ಈ ನಾಡಿನ ಜನಕ್ಕೆ ಪ್ರಕೃತಿಯಲ್ಲಿ ದೊರೆಯುತ್ತಿದ್ದ ಮಂಜುಗಡ್ಡೆಯೆಂದರೆ ಮುಂಗಾರಿನ ಗುಡುಗುಮಳೆಯೊಡನೆ ಬೀಳುವ ಆಲಿಕಲ್ಲೊಂದೇ.

ಉತ್ತರದೇಶದ ಸಂಗತಿ ಬೇರೆ. ಏಳನೆಯ ಶತಮಾನದ ಬಾಣನು ಹರ್ಷಚರಿತದ ಐದನೆಯ ಉಚ್ಛ್ವಾಸದಲ್ಲಿ, ದಾಹಜ್ವರದಿಂದ ಮರಣೋನ್ಮುಖನಾದ ಪ್ರಭಾಕರವರ್ಧನನ ಶಯನಗೃಹವನ್ನು ವರ್ಣಿಸುತ್ತ, ಹಿಮದಿಂದ ಸುತ್ತುವರಿಸಿದ ಪಾತ್ರೆಗಳಲ್ಲಿ ಮಜ್ಜಿಗೆಯನ್ನು ತಣಿಸುತ್ತಿದ್ದುದನ್ನು ಹೇಳಿರುವನು. ಬಾಣನು ಅಲ್ಲಿ ಪಾತ್ರೆಗೆ ಬಳಸಿರುವುದು ‘ಕರಕ’ವೆಂಬ ಶಬ್ದವನ್ನು. ಕರಕವೆಂದರೆ ಗಿಂಡಿ, ಸ್ತ್ರೀಲಿಂಗದಲ್ಲಿ ‘ಕರಕಾ’ ಎಂದರೆ ಆಲಿಕಲ್ಲು. ಶಬ್ದಪ್ರಿಯನಾದ ಬಾಣನಿಗೆ ಈ ಸಾಮೀಪ್ಯವು ತಿಳಿಯದೆ ಇರಲಾರದು. ಅದು ಹೇಗಾದರಾಗಲಿ, ಪಾನೀಯದ ಪಾತ್ರೆಯ ಹೊರಗೆ ಹಿಮವನ್ನು ಒತ್ತಿ ಒಳಗಿನ ದ್ರವವನ್ನು ತಣಿಸುವ ಕ್ರಮವು ಸ್ಥಾಣ್ವೀಶ್ವರದ ಅರಮನೆಯಲ್ಲಿ ಅಪರಿಚಿತವಾಗಿರಲಿಲ್ಲವೆಂಬುದಕ್ಕೆ ಇದು ಬೆಲೆಯುಳ್ಳ ಸಾಕ್ಷ್ಯ. ಆದರೆ ಕರಗುತ್ತಿರುವ ಬರಿಯ ಹಿಮವು ಸೊನ್ನೆಯ ಡಿಗ್ರಿಯಲ್ಲಿಯೇ ನಿಲ್ಲುವುದರಿಂದ, ಅದರ ನಡುವೆ ಇಟ್ಟ ಮಜ್ಜಿಗೆಯು ಅದಕ್ಕಿಂತ ಕೆಳಗಿಳಿಯಲಾರದು. ಅತಿಶೈತ್ಯಕ್ಕೆ ಬೇಕಾದ ಮೊದಲನೆಯ ಸಾಧನವಾದ ಹಿಮಕ್ಕಿಂತಲೂ ಹೆಚ್ಚಿನ ತಂಪು ಇಲ್ಲಿಲ್ಲ.

೩. ಪೆಟ್ಲುಪ್ಪಿನ ಪ್ರಯೋಗ

ಆವಿಯ ಮಾರ್ಗಕ್ಕಿಂತ ಭಿನ್ನವಾದುದು ಲವಣದ ಮಾರ್ಗ. ಮದ್ದಿಗೆ ಬಳಸುವ ಪೆಟ್ಲುಪ್ಪು ನೀರಿನಲ್ಲಿ ಕರಗುವಾಗ ಸುತ್ತಲಿನ ಉಷ್ಣವನ್ನು ಹೀರಿಕೊಳ್ಳುವುದು. ರೋಮಿನಲ್ಲಿದ್ದ ವೈದ್ಯ ಬ್ಲಾಸಿಯಸ್ ವಿಲ್ಲಾಫ್ರಾಂಕನು ದ್ರಾಕ್ಷಾರಸವನ್ನೂ ನೀರನ್ನೂ ಪೆಟ್ಲುಪ್ಪಿನಿಂದ ತಣಿಸುವ ವಿಧಾನವನ್ನು ಕುರಿತು ೧೫೫೦ರಲ್ಲಿ ಒಂದು ಲ್ಯಾಟಿನ್ ಗ್ರಂಥವನ್ನು ಪ್ರಕಟಿಸಿದನು. ಭಾರತದಲ್ಲಿ ಇದರ ವಿವರವಾದ ವರ್ಣನೆಯಿರುವುದು ಅಬುಲ್ ಫಜಲನ ಐನ್-ಇ-ಅಕ್ಬರಿಯ ಆಬ್ದಾರಖಾನೆಯ ಪ್ರಕರಣದಲ್ಲಿ. ಒಂದು ಸೇರು ನೀರನ್ನು ಬೆಳ್ಳಿ ಮೊದಲಾದ ಲೋಹದ ಕೂಜೆಯಲ್ಲಿ ತುಂಬಿ ಬಾಯಿಯನ್ನು ಮುಚ್ಚಬೇಕು. ಬೇರೊಂದು ಪಾತ್ರೆಯಲ್ಲಿ ಐದು ಸೇರು ನೀರಿಗೆ ಎರಡೂವರೆ ಸೇರು ಪೆಟ್ಲುಪ್ಪನ್ನು ಹಾಕಿ, ಅದರಲ್ಲಿ ಕೂಜೆಯನ್ನು ಕಾಲು ಗಂಟೆಯ ಕಾಲ ತಿರುಗಿಸುತ್ತಿರಬೇಕು. ಒಳಗಿನ ನೀರು ತಣ್ಣಗಾಗುವುದು. ಸಿಡಿಮದ್ದಿನಲ್ಲಿ ಬೆಂಕಿಯನ್ನು ಕಾರುವ ವಸ್ತುವೇ ಇಲ್ಲಿ ತಂಪನ್ನು ಕೊಡುವುದೆಂಬ ವೈಚಿತ್ರ್ಯವನ್ನು ಆ ಗ್ರಂಥಕಾರನು ಗಮನಿಸಿರುವನು. ೧೫೮೬ರಲ್ಲಿ ಬಾದಶಹನ ಬೀಡು ಪಂಜಾಬಿಗೆ ಹೋದಮೇಲೆ ಉತ್ತರದ ಬೆಟ್ಟಗಳಿಂದ ಹಿಮವನ್ನು ತರಿಸುವ ಏರ್ಪಾಡಾಯಿತೆಂದೂ ಅಲ್ಲಿ ಹೇಳಿದೆ. ೧೬೬೩ರಲ್ಲಿ ದಿಲ್ಲಿಯಿಂದ ಬರೆದ ಪತ್ರದಲ್ಲಿ ಫ್ರೆಂಚ್ ಪ್ರವಾಸಿ ಬರ್ನಿಯೆಯೂ ತವರದ ಕುಪ್ಪಿಯನ್ನು ಪೆಟ್ಲುಪ್ಪಿನ ನೀರಿನಲ್ಲಿ ಅಲ್ಲಾಡಿಸಿ ತಣಿಸುತ್ತಿದ್ದುದನ್ನು ವರ್ಣಿಸಿರುವನು.

ಲವಣವನ್ನು ನೀರಿಗೆ ಬದಲಾಗಿ ಹಿಮದೊಡನೆ ಬೆರೆಸಿದಾಗ ಫಲವು ಇನ್ನೂ ತೀವ್ರವಾಗುವುದು. ಆದರೆ ಇಲ್ಲಿ ಒಂದು ತಾರತಮ್ಯವಿದೆ. ಹಿಮಕ್ಕೆ ಪೆಟ್ಲುಪ್ಪೊಂದನ್ನೇ ಸೇರಿಸಿದರೆ ಮಿಶ್ರಣವು ಸೊನ್ನೆಗಿಂತ ಸುಮಾರು ಮೂರು ಡಿಗ್ರಿಗಳಷ್ಟು ಮಾತ್ರ ಕೆಳಗಿಳಿಯುವುದು. ಅಡಿಗೆಯ ಉಪ್ಪನ್ನು ಸೇರಿಸಿದರೆ ೨೧ ಡಿಗ್ರಿಗಳವರೆಗೂ ಇಳಿಯಬಲ್ಲುದು. ಈ ಮಿಶ್ರಣದ ನಡುವೆ ಇಟ್ಟ ಪಾನೀಯವು ಮೊದಲ ಬಾರಿಗೆ ತನ್ನ ಹೆಪ್ಪುಗಟ್ಟುವ ಮಟ್ಟವನ್ನು ದಾಟುವ ಅವಕಾಶವನ್ನು ಪಡೆಯಿತು. ಅಲ್ಲಿಂದ ಮುಂದೆ ‘ದಾಟಿದುದೆಲ್ಲವೂ ಹೆಪ್ಪುಗಟ್ಟುವುದೋ?’ ಎಂಬ ಪ್ರಶ್ನೆಗೆ ಅವಕಾಶವಾಯಿತು.

೪. ಫಾರನ್‌ಹೀಟನ ಗಾಜಿನ ಗೋಲ

ಆ ಪ್ರಶ್ನೆಗೆ ಅಳತೆಯಿಂದ ಉತ್ತರವನ್ನು ಕೊಟ್ಟವನು ಡಾಂಜಿಗ್ ನಗರದಲ್ಲಿ ಹುಟ್ಟಿ ಹಾಲೆಂಡಿನಲ್ಲಿ ಉಷ್ಣಮಾಪಕಗಳನ್ನು ಮಾಡುತ್ತಿದ್ದ ಡೇನಿಯಲ್ ಗೇಬ್ರಿಯಲ್ ಫಾರನ್‌ಹೀಟನು. ೧೭೨೧ರಲ್ಲಿ ಅವನು ಸುಮಾರು ಒಂದು ಅಂಗುಲ ವ್ಯಾಸದ ಗಾಜಿನ ಗೋಲವೊಂದರಲ್ಲಿ ಅರ್ಧದಷ್ಟು ಮಳೆನೀರನ್ನು ತುಂಬಿ, ಕುದಿಸಿ, ಒಳಗಿನ ಗಾಳಿಯನ್ನು ಹೊರಡಿಸಿ, ಬಾಯಿಯನ್ನು ಬೆಸೆದು ಹೊರಗಿನ ಚಳಿಗೆ ಇಟ್ಟನು. ಉಷ್ಣಮಾಪಕವು ಅವನ ಮಾನದ ೧೫ ಡಿಗ್ರಿಯನ್ನು ತೋರಿಸುತ್ತಿದ್ದಿತು. ಆ ಮಾನದಲ್ಲಿ ನೀರು ಹೆಪ್ಪುಗಟ್ಟುವುದು ೩೨ ಡಿಗ್ರಿಯಲ್ಲಿ. ರಾತ್ರಿ ಕಳೆದು ಮುಂಜಾವಿನಲ್ಲಿ ನೋಡಿದಾಗಲೂ ನೀರು ದ್ರವವಾಗಿಯೇ ಇದ್ದಿತು. ಅವನು ಗೋಲದ ತುದಿಯನ್ನು ಮುರಿದು ಗಾಳಿಯನ್ನು ಒಳಕ್ಕೆ ಬಿಟ್ಟೊಡನೆ ನೀರಿನ ತುಂಬ ಹಿಮದ ತೆಳು ಹಾಳೆಗಳು ಹರಡಿದುವು. ಉಷ್ಣಮಾನವು ೩೨ ಡಿಗ್ರಿಗೆ ಏರಿ ನಿಂತಿತು.

ಗಾಳಿಯ ಪ್ರವೇಶವೇ ಹೆಪ್ಪುಗಟ್ಟುವುದಕ್ಕೆ ಕಾರಣವಿರಬಹುದೆಂದು ಅವನಿಗೆ ಮೊದಲು ತೋರಿತು. ಆದರೆ ಇಂತಹ ಇನ್ನೊಂದು ಪಾತ್ರೆಯನ್ನು ಎತ್ತಿಕೊಂಡು ಹೋಗುತ್ತಿದ್ದಾಗ ಮೆಟ್ಟಿಲಿನಲ್ಲಿ ಅವನ ಕಾಲು ಎಡವಿತು. ಆ ಅಲುಗಾಟದಿಂದಲೇ ನೀರಿನಲ್ಲಿ ಹಿಮವು ಹರಡಿತು. ಆದುದರಿಂದ ಕ್ಷೋಭೆಯೂ ಒಂದು ಕಾರಣವೆಂಬುದನ್ನು ಅವನು ತಿಳಿದನು. ಎಡವಿದ ಹೆಜ್ಜೆಯನ್ನೂ ಮುಚ್ಚಿಡದೆ ಬರೆದ ಈ ಲ್ಯಾಟಿನ್ ಲೇಖನವು ೧೭೨೪ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿಯ ‘ಫಿಲಸಾಫಿಕಲ್ ಟ್ರಾನ್ಸಾಕ್ಷನ್ಸ್’ ಪತ್ರಿಕೆಯಲ್ಲಿ ಅಚ್ಚಾಯಿತು. ಶೀತವು ಬೇರೆ, ಶೀನವು ಬೇರೆಯೆಂಬುದಕ್ಕೆ ಅಂಕಿಗಳ ಆಧಾರವು ಇದರಿಂದ ದೊರೆಯಿತು.

೫. ಪ್ರಯಾಗದ ಹೊಂಡಗಳು

ಅರ್ಧ ಶತಮಾನದ ಬಳಿಕ ಇದೇ ಪತ್ರಿಕೆಯ ೧೭೭೫ರ ಸಂಪುಟದಲ್ಲಿ ಬಂಗಾಳದ ಸೈನ್ಯಾಧಿಕಾರಿಯಾಗಿದ್ದ ಸರ್ ರಾಬರ್ಟ್ ಬಾರ್ಕರನ ಪತ್ರವೊಂದು ಪ್ರಕಟವಾಯಿತು. ಅಲಹಾಬಾದ್, ಮೋತಿಝೀಲ್, ಕಲ್ಕತ್ತೆಗಳಲ್ಲಿ ಮಂಜುಗಡ್ಡೆಯನ್ನು ಮಾಡುತ್ತಿದ್ದ ಬಗೆಯನ್ನು ಅವನು ಅದರಲ್ಲಿ ವರ್ಣಿಸಿರುವನು. ಆ ಪ್ರದೇಶದ ಕೆರೆಕುಂಟೆಗಳಲ್ಲಿ ನೀರು ತಾನಾಗಿ ಹೆಪ್ಪುಗಟ್ಟುತ್ತಿರಲಿಲ್ಲ. ಆದರೂ ಬಯಲಿನಲ್ಲಿ ಸುಮಾರು ೩೦ ಅಡಿ ಚೌಕದ, ಎರಡು ಅಡಿ ಆಳದ ಹೊಂಡಗಳನ್ನು ತೋಡಿ, ತಳದಲ್ಲಿ ಕಬ್ಬಿನ ಅಥವಾ ಮುಸುಕಿನ ಜೋಳದ ಒಣಗಿದ ದಂಟುಗಳನ್ನು ಎಂಟರಿಂದ ಹನ್ನೆರಡು ಅಂಗುಲ ದಪ್ಪವಾಗಿ ಹಾಸಿ, ಅದರ ಮೇಲೆ ಮೆರುಗಿಲ್ಲದ ಮಣ್ಣಿನ ಚಿಕ್ಕ ತಟ್ಟೆಗಳನ್ನು ಸಾಲಾಗಿ ಇಡುತ್ತಿದ್ದರು. ತಟ್ಟೆಗಳ ಆಳವು ಒಂದೂಕಾಲು ಅಂಗುಲ ಮಾತ್ರ. ಸಂಜೆಗತ್ತಲಲ್ಲಿ ಅವುಗಳಿಗೆ ನೀರನ್ನು ತುಂಬಿ, ಸೂರ್ಯೋದಯಕ್ಕೆ ಮುಂಚೆ ಬಂದು ಮಂಜನ್ನು ಬುಟ್ಟಿಗಳಲ್ಲಿ ಸಂಗ್ರಹಿಸಿ, ಹುಲ್ಲನ್ನೂ ಕಂಬಳಿಯನ್ನೂ ಹೊದಿಸಿದ ಆಳವಾದ ಕಣಜದಲ್ಲಿ ಹಾಕಿ ಕುಟ್ಟಿ ಗಟ್ಟಿಮಾಡುತ್ತಿದ್ದರು. ಬೇಸಗೆಯಲ್ಲಿ ಆ ಮಂಜಿಗೆ ಪೆಟ್ಲುಪ್ಪನ್ನೂ ಅಡಿಗೆಯ ಉಪ್ಪನ್ನೂ ಸಮಪಾಲಾಗಿ ಬೆರೆಸಿ, ಶರಬತ್ತು ಮುಂತಾದುವನ್ನು ತುಂಬಿದ ಬೆಳ್ಳಿಯ ಬಟ್ಟಲುಗಳನ್ನು ಅದರ ನಡುವೆ ಇಟ್ಟು ಹೆಪ್ಪುಗಟ್ಟಿಸುತ್ತಿದ್ದರು.

ಈ ಕಸುಬಿನ ಒಂದು ಅಂಗವು ವಿಶೇಷವಾಗಿ ಗಮನಿಸತಕ್ಕುದು. ತಟ್ಟೆಗಳಿಗೆ ತುಂಬುವ ನೀರನ್ನು ಕೆಲಸಗಾರರು ಮೊದಲು ಕುದಿಸಿ ಆರಿಸುತ್ತಿದ್ದರೆಂದು ಬಾರ್ಕರನು ಹೇಳಿರುವನು. ತಣಿಸಬೇಕಾದ ನೀರನ್ನು ಮೊದಲು ಕಾಯಿಸುವುದು ಮೇಲ್ನೋಟಕ್ಕೆ ವ್ಯರ್ಥವಾದ ಶ್ರಮ, ಸೌದೆಯೂ ವ್ಯಯವಾಗುವುದು. ಕೂಲಿಯ ಜನರು ಲಾಭವಿಲ್ಲದೆ ಅದನ್ನು ಮಾಡುವರೆಂದು ನಂಬುವುದು ಕಷ್ಟ.

ಹೊಂಡಗಳ ಮೇಲಿನ ಗಾಳಿಯು ಹೆಪ್ಪುಗಟ್ಟುವ ಮಟ್ಟಕ್ಕಿಂತ ಬೆಚ್ಚಗಿದ್ದರೂ ಮಂಜು ಹುಟ್ಟುತ್ತಿದ್ದುದಕ್ಕೆ ಕಾರಣವು ಬಹುಕಾಲ ವಿವಾದಾಸ್ಪದವಾಗಿದ್ದಿತು. ಕಾಶಿಯಲ್ಲಿ ನಡೆಯುತ್ತಿದ್ದ ಇದೇ ಕೆಲಸವನ್ನು ಕುರಿತು ಜಾನ್ ಲಾಯ್ಡ್ ವಿಲಿಯಮ್ಸನು ೧೭೯೩ರಲ್ಲಿ ಬರೆದನು. ೧೮೧೪ರಲ್ಲಿ ವಿಲಿಯಂ ಚಾರ್ಲ್ಸ್ ವೆಲ್ಸನು ಇಬ್ಬನಿಯ ವಿಷಯವಾದ ತನ್ನ ಪ್ರಬಂಧದಲ್ಲಿ, ನಿರ್ಮಲವಾದ ರಾತ್ರಿಯ ಆಕಾಶಕ್ಕೆ ನೀರು ತನ್ನ ಉಷ್ಣವನ್ನು ಕಿರಣರೂಪವಾಗಿ ಕಳುಹಿಸುವುದೇ ಮುಖ್ಯ ಕಾರಣವೆಂದು ನಿರ್ಣಯಿಸಿದನು. ಕೆಳಗಿನ ಒಣ ದಂಟು ನೆಲದ ಉಷ್ಣವನ್ನು ತಡೆಯುವುದು. ಮೇಲೆ ತೆರೆದ ಆಕಾಶವು ಉಷ್ಣವನ್ನು ಸೆಳೆಯುವುದು. ಹೀಗೆ ತಟ್ಟೆಯ ನೀರು ಗಾಳಿಗಿಂತಲೂ ತಂಪಾಗುವುದು.

ಆದರೆ ಈ ತಂಪು ಅತ್ಯಲ್ಪ; ಸೊನ್ನೆಗಿಂತ ಒಂದೆರಡು ಡಿಗ್ರಿ ಕೆಳಗಿಳಿದರೆ ಹೆಚ್ಚು. ಅಂತಹ ಸ್ಥಿತಿಯಲ್ಲಿ ಅತಿಶೈತ್ಯವೇ ಕೆಲಸಗಾರರ ಶತ್ರು. ನೀರು ಸೊನ್ನೆಯನ್ನು ದಾಟಿಯೂ ಶೀನವಾಗದೆ ಕುಳಿತರೆ, ಬೆಳಗಾಗುವಷ್ಟರಲ್ಲಿ ಇಡೀ ರಾತ್ರಿಯ ಚಳಿ ವ್ಯರ್ಥವಾಗುವುದು. ಸಾವಿರಾರು ತಟ್ಟೆಗಳ ಬರಿಯ ನೀರನ್ನು ಚೆಲ್ಲಿ ಬರಿಗೈಯಲ್ಲಿ ಹಿಂದಿರುಗಬೇಕಾಗುವುದು. ಶೀತಕ್ಕೂ ಶೀನಕ್ಕೂ ನಡುವಣ ಅಂತರವು ಅವರಿಗೆ ವಿಚಾರಗೋಷ್ಠಿಯ ವಿಷಯವಾಗಿರಲಿಲ್ಲ. ಅಂದಿನ ಅನ್ನದ ವಿಷಯವಾಗಿತ್ತು.

೬. ಎಡಿಂಬರೊದ ಎರಡು ಬಟ್ಟಲುಗಳು

೧೭೭೫ರ ಅದೇ ಸಂಪುಟದಲ್ಲಿ, ಬಾರ್ಕರನ ಪತ್ರಕ್ಕಿಂತ ಮುಂಚಿನ ಪುಟಗಳಲ್ಲಿ, ಎಡಿಂಬರೊ ವಿಶ್ವವಿದ್ಯಾನಿಲಯದ ರಸಾಯನಶಾಸ್ತ್ರದ ಆಚಾರ್ಯ ಜೋಸೆಫ್ ಬ್ಲ್ಯಾಕನ ಪತ್ರವಿದೆ. ಗುಪ್ತೋಷ್ಣವನ್ನು ಕಂಡುಹಿಡಿದ ಕೀರ್ತಿಯು ಇವನದೇ. ಕುದಿಸಿದ ನೀರು ಕುದಿಸದ ನೀರಿಗಿಂತ ಸುಲಭವಾಗಿ ಹೆಪ್ಪುಗಟ್ಟುವುದೆಂಬ ಮಾತು ನಿಜವೇ ಎಂಬುದನ್ನು ಪರೀಕ್ಷಿಸುವುದೇ ಆ ಪತ್ರದ ವಿಷಯ. ಪ್ರಯಾಗದಲ್ಲಿ ಆಚರಣೆಯಾಗಿದ್ದುದು ಎಡಿಂಬರೊದಲ್ಲಿ ಪ್ರಶ್ನೆಯಾಗಿ, ಎರಡೂ ಒಂದೇ ಸಂಪುಟದ ಪುಟಗಳಲ್ಲಿ ಸೇರಿದುವು.

ಬ್ಲ್ಯಾಕನ ಸಾಧನಗಳು ಅತಿ ಸರಳವಾದುವು. ಒಂದೇ ಅಳತೆಯ ಎರಡು ಬಟ್ಟಲುಗಳಲ್ಲಿ ಒಂದಕ್ಕೆ ಕುದಿಸಿ ಆರಿಸಿದ ನೀರನ್ನೂ ಇನ್ನೊಂದಕ್ಕೆ ಕುದಿಸದ ನೀರನ್ನೂ ಸಮನಾಗಿ ತುಂಬಿ, ಉತ್ತರದ ಕಿಟಕಿಯ ಹೊರಗೆ ಇಟ್ಟನು. ಕುದಿಸಿದ ನೀರಿನಲ್ಲಿಯೇ ಮೊದಲು ಮಂಜು ಕಾಣಿಸಿಕೊಂಡಿತು. ಕುದಿಸದ ನೀರು ಹೆಪ್ಪುಗಟ್ಟುವ ಮಟ್ಟಕ್ಕಿಂತ ಕೆಳಗಿಳಿದಿದ್ದರೂ ದ್ರವವಾಗಿಯೇ ಇದ್ದಿತು. ಅದನ್ನು ಕಲಕಿದೊಡನೆ ಅದರಲ್ಲಿಯೂ ಮಂಜು ಹುಟ್ಟಿತು. ಮತ್ತೊಂದು ಪರೀಕ್ಷೆಯಲ್ಲಿ ಕುದಿಸದ ನೀರನ್ನು ಆಗಾಗ ಮೆಲ್ಲನೆ ಕಲಕುತ್ತಿದ್ದಾಗ ಎರಡು ಬಟ್ಟಲುಗಳೂ ಒಂದೇ ಕಾಲಕ್ಕೆ ಹೆಪ್ಪುಗಟ್ಟಲು ತೊಡಗಿದುವು. ಇದರಿಂದ ಅವನು ತಿಳಿದುದೇನೆಂದರೆ, ಕುದಿಸಿದ ನೀರು ಹೆಚ್ಚು ಬೇಗ ತಣ್ಣಗಾಗುವುದೆಂಬುದಿಲ್ಲ. ಅದು ಅತಿಶೈತ್ಯದ ಸ್ಥಿತಿಯಲ್ಲಿ ನಿಲ್ಲಲಾರದು. ಕುದಿಯುವಾಗ ಗಾಳಿಯನ್ನು ಕಳೆದುಕೊಂಡ ನೀರು ಆರಿದ ಮೇಲೆ ಅದನ್ನು ಮತ್ತೆ ಹೀರಿಕೊಳ್ಳುವುದೆಂದೂ, ಆ ಸೂಕ್ಷ್ಮ ಚಲನವೇ ನೀರನ್ನು ಕಲಕಿ ಶೀನವಾಗಿಸುವುದೆಂದೂ ಅವನು ಊಹಿಸಿದನು.

ಇಲ್ಲಿ ಪೂರ್ವಪಕ್ಷವೊಂದು ಏಳುವುದು: ಫಾರನ್‌ಹೀಟನ ನೀರೂ ಕುದಿಸಿದುದೇ ಆಗಿದ್ದರೂ ಅದು ೧೫ ಡಿಗ್ರಿಯಲ್ಲಿ ಹೆಪ್ಪುಗಟ್ಟದೆ ಉಳಿಯಿತಲ್ಲವೇ? ಇದಕ್ಕೆ ಬ್ಲ್ಯಾಕನ ಊಹೆಯ ಪ್ರಕಾರ ಸಮಾಧಾನವು ಹೀಗೆ: ಆ ಗೋಲವು ಬೆಸೆದುದಾಗಿತ್ತು, ಹೀರಿಕೊಳ್ಳಲು ಅಲ್ಲಿ ಗಾಳಿಯೇ ಇರಲಿಲ್ಲ, ಆದುದರಿಂದ ಕ್ಷೋಭೆಯೂ ಇರಲಿಲ್ಲ. ತುದಿಯನ್ನು ಮುರಿದೊಡನೆ ಗಾಳಿ ಹೊಕ್ಕಿತು, ಹಿಮವೂ ಹುಟ್ಟಿತು. ಪ್ರಯಾಗದ ತಟ್ಟೆಯೋ ಆಕಾಶಕ್ಕೆ ತೆರೆದುದು. ಹೀಗೆ ಪರಸ್ಪರ ವಿರುದ್ಧವಾಗಿ ತೋರುವ ಎರಡು ಅನುಭವಗಳಿಗೂ ಒಂದೇ ಸೂತ್ರದಲ್ಲಿ ಸ್ಥಳವಾಯಿತು.

ಆದರೆ ಈ ಊಹೆಯೇ ಕೊನೆಯ ಸಿದ್ಧಾಂತವಾಗಲಿಲ್ಲ. ೧೭೮೮ರಲ್ಲಿ ರಾಯಲ್ ಸೊಸೈಟಿಯ ಕಾರ್ಯದರ್ಶಿಯಾಗಿದ್ದ ಚಾರ್ಲ್ಸ್ ಬ್ಲ್ಯಾಗ್ಡನನು ನೀರನ್ನು ಹೆಪ್ಪುಗಟ್ಟುವ ಮಟ್ಟಕ್ಕಿಂತ ಕೆಳಗ್ಗೆ ತಣಿಸುವ ಅನೇಕ ಪರೀಕ್ಷೆಗಳನ್ನು ಪ್ರಕಟಿಸಿದನು. ತಿಳಿಯಾದ ನೀರು ಹೆಚ್ಚು ಕೆಳಗಿಳಿಯುವುದು, ಕದಡಿದ ನೀರು ಬೇಗ ಹೆಪ್ಪುಗಟ್ಟುವುದು, ಅಲುಗಾಟವು ಒಮ್ಮೊಮ್ಮೆ ಫಲಿಸದೆ ಹೋದರೂ ಮಂಜಿನ ಕಣದ ಸ್ಪರ್ಶವು ತಪ್ಪದೆ ಫಲಿಸುವುದು ಎಂಬಿವು ಅದರ ಸಾರ.

೭. ಬೀಜದ ವಿಚಾರ

ಈಗಿನ ವಿಜ್ಞಾನದ ನಿರ್ಣಯವು ಬ್ಲ್ಯಾಗ್ಡನನ ಅನುಭವಕ್ಕೆ ಸಮೀಪವಾದುದು. ನೀರಿನ ಅಣುಗಳು ಹಿಮದ ವಿನ್ಯಾಸದಲ್ಲಿ ಸೇರಿಕೊಳ್ಳಲು ಮೊದಲು ಒಂದು ಚಿಕ್ಕ ಬೀಜ ಬೇಕು. ಅತಿ ಚಿಕ್ಕದಾದ ಬೀಜವು ಹುಟ್ಟಿದರೂ ಕರಗಿಹೋಗುವುದು. ಒಂದು ಗಾತ್ರವನ್ನು ಮೀರಿದುದು ಮಾತ್ರ ಬೆಳೆಯುವುದು. ಧೂಳಿನ ಕಣ, ಪಾತ್ರೆಯ ಒರಟಾದ ಮೈ, ಕೆಲವು ಸೂಕ್ಷ್ಮಜೀವಿಗಳು ಇಂತಹ ಬೀಜಕ್ಕೆ ಆಶ್ರಯವಾಗುವುವು. ಇವಾವುವೂ ಇಲ್ಲದ ನಿರ್ಮಲವಾದ ನೀರಿನ ಸಣ್ಣ ಹನಿಗಳು ಸೊನ್ನೆಗಿಂತ ಸುಮಾರು ೪೦ ಡಿಗ್ರಿ ಸೆಂಟಿಗ್ರೇಡಿನ ಸಮೀಪದವರೆಗೂ ಕೆಳಗಿಳಿದು ದ್ರವವಾಗಿರಬಲ್ಲುವು. ಗುಡುಗುಮೋಡಗಳಲ್ಲಿ ಹೀಗೆ ಅತಿಶೈತ್ಯವನ್ನು ಪಡೆದ ಹನಿಗಳೇ ಹಿಮದ ಕಣಕ್ಕೆ ತಗುಲಿ ಪದರಪದರವಾಗಿ ಹೆಪ್ಪುಗಟ್ಟಿ ಆಲಿಕಲ್ಲಾಗುವುವು. ಹಿಮವನ್ನು ಕಾಣದ ಕನ್ನಡ ನಾಡಿನ ಅಂಗಳಕ್ಕೂ ಈ ವ್ಯಾಪಾರದ ಫಲವು ಆಕಾಶಮಾರ್ಗದಿಂದ ಬಂದು ಬೀಳುತ್ತಲೇ ಇದ್ದಿತೆಂದಾಯಿತು.

ಸೀಸೆಯ ಪಾನೀಯವು ಇಡಿಯಾಗಿ ಗಡ್ಡೆಯಾಗದೆ ಕೆಸರಾಗುವುದೇಕೆಂಬುದು ಬ್ಲ್ಯಾಕನ ಗುಪ್ತೋಷ್ಣದಿಂದಲೇ ತಿಳಿಯುವುದು. ಒಂದು ಗ್ರಾಂ ನೀರು ಹೆಪ್ಪುಗಟ್ಟುವಾಗ ಸುಮಾರು ೮೦ ಕ್ಯಾಲೊರಿ ಉಷ್ಣವನ್ನು ಹೊರಕ್ಕೆ ಬಿಡುವುದು. ಅದನ್ನು ಒಂದು ಡಿಗ್ರಿ ಬಿಸಿಮಾಡಲು ಒಂದು ಕ್ಯಾಲೊರಿ ಸಾಕು. ಸೊನ್ನೆಗಿಂತ ಐದು ಡಿಗ್ರಿ ಕೆಳಗಿರುವ ನೀರಿನಲ್ಲಿ ಹಿಮವು ಹುಟ್ಟಿದೊಡನೆ, ಹೊರಬಿದ್ದ ಉಷ್ಣವು ಉಳಿದ ನೀರನ್ನು ಸೊನ್ನೆಗೆ ಏರಿಸುವುದು. ಹದಿನಾರರಲ್ಲಿ ಒಂದು ಪಾಲು ಹೆಪ್ಪುಗಟ್ಟುವಷ್ಟರಲ್ಲಿ ಕ್ರಿಯೆಯು ನಿಲ್ಲುವುದು. ಫಾರನ್‌ಹೀಟನ ಗೋಲದಲ್ಲಿ ಉಷ್ಣಮಾನವು ೩೨ಕ್ಕೆ ಏರಿ ನಿಂತುದೂ ಇದರಿಂದಲೇ. ಅಲ್ಲಿ ಹೆಪ್ಪುಗಟ್ಟಿದುದು ಒಂಬತ್ತರಲ್ಲಿ ಒಂದು ಪಾಲಿಗಿಂತ ಸ್ವಲ್ಪ ಹೆಚ್ಚು ಮಾತ್ರ.

ಸಕ್ಕರೆ, ಉಪ್ಪು, ಮದ್ಯಸಾರಗಳು ಬೆರೆತ ಪಾನೀಯಗಳು ಸೊನ್ನೆಗಿಂತ ಕೆಳಗೆ ದ್ರವವಾಗಿರುವುದನ್ನೆಲ್ಲ ಅತಿಶೈತ್ಯವೆನ್ನಲಾಗದೆಂಬುದನ್ನೂ ಇಲ್ಲಿ ಹೇಳಬೇಕು. ಅವುಗಳ ಹೆಪ್ಪುಗಟ್ಟುವ ಮಟ್ಟವೇ ಕೆಳಗಿರುವುದು. ಬ್ಲ್ಯಾಗ್ಡನನು ಈ ವಿಷಯವನ್ನೂ ೧೭೮೮ರಲ್ಲಿಯೇ ಬೇರೆಯಾಗಿ ಪರೀಕ್ಷಿಸಿದ್ದನು. ತನ್ನ ಮಟ್ಟವು ಎಲ್ಲಿದ್ದರೂ ಅದನ್ನು ಮೀರಿ ದ್ರವವಾಗಿರುವುದೇ ಅತಿಶೈತ್ಯ.

ಉಪಸಂಹಾರ

ಇಷ್ಟರಿಂದ ಸಿದ್ಧವಾಗುವುದಿಷ್ಟು. ಪಾಣಿನಿಯ ಸೂತ್ರಗಳಲ್ಲಿ ಶೀತಶೀನಗಳ ಭೇದವಿದೆ, ಅತಿಶೈತ್ಯದ ಜ್ಞಾನವಿಲ್ಲ. ಸುಶ್ರುತನ ಸಪ್ತಕ್ರಮಗಳಲ್ಲಿಯೂ ಬಾಣನ ವರ್ಣನೆಯಲ್ಲಿಯೂ ಶೀತೀಕರಣವಿದೆ. ಅದು ಸೊನ್ನೆಯನ್ನು ದಾಟಿದುದಕ್ಕೆ ಆಧಾರವಿಲ್ಲ. ಪ್ರಯಾಗದ ಕೆಲಸಗಾರರಲ್ಲಿ ಅತಿಶೈತ್ಯವನ್ನು ತಪ್ಪಿಸುವ ಆಚರಣೆಯಿತ್ತು. ಅದರ ಕಾರಣವನ್ನು ಅವರು ಬರೆದಿಡಲಿಲ್ಲ. ಅಳತೆ, ಪರೀಕ್ಷೆ, ಕಾರಣವಿಚಾರಗಳು ಯೂರೋಪಿನ ವಿದ್ವಾಂಸರವು. ಆದರೆ ಅವರಲ್ಲಿ ಶ್ರೇಷ್ಠನಾದ ಒಬ್ಬನು ಎರಡು ಬಟ್ಟಲುಗಳಿಂದ ಬಿಡಿಸಲೆತ್ನಿಸಿದ ಸಮಸ್ಯೆಯು ಗಂಗಾತೀರದ ಮಣ್ಣಿನ ತಟ್ಟೆಗಳಲ್ಲಿ ಪ್ರತಿ ಚಳಿಗಾಲವೂ ಎದುರಾಗುತ್ತಿದ್ದಿತು.

ಕಸುಬಿನವರ ಇಂತಹ ಅನುಭವವನ್ನು ಅಲಕ್ಷಿಸಬಾರದೆಂಬುದಕ್ಕೆ ಈಚಿನ ನಿದರ್ಶನವೂ ಉಂಟು. ಬಿಸಿಯಾದ ಮಿಶ್ರಣವು ತಣ್ಣನೆಯದಕ್ಕಿಂತ ಮೊದಲೇ ಹೆಪ್ಪುಗಟ್ಟಿತೆಂದು ಹೇಳಿದ ಟಾಂಜಾನಿಯದ ಶಾಲಾಬಾಲಕ ಎರಾಸ್ಟೊ ಎಂಪೆಂಬನನ್ನು ಮೊದಲು ಹಾಸ್ಯಮಾಡಿದರು. ೧೯೬೯ರಲ್ಲಿ ಅವನೂ ಆಚಾರ್ಯ ಓಸ್ಬರ್ನನೂ ಸೇರಿ ಅದನ್ನು ಪ್ರಕಟಿಸಿದ ಮೇಲೆ ವಿದ್ವಾಂಸರು ಆ ವಿಷಯವನ್ನು ಮತ್ತೆ ವಿಚಾರಕ್ಕೆ ತೆಗೆದುಕೊಂಡರು. ಅವನು ಅದನ್ನು ಕಂಡುದು ಹಾಲನ್ನೂ ಸಕ್ಕರೆಯನ್ನೂ ಹೆಪ್ಪುಗಟ್ಟಿಸುವ ಕೆಲಸದಲ್ಲಿ.

ಪ್ರಯಾಗದ ಆ ಹೊಂಡಗಳನ್ನು ತೋಡಿದವರ ಹೆಸರುಗಳು ಬಾರ್ಕರನ ಪತ್ರದಲ್ಲಿಲ್ಲ. ಸಂಜೆ ಕುದಿಸಿ ಆರಿಸಿದ ನೀರನ್ನು ತಟ್ಟೆಗಳಿಗೆ ತುಂಬಿ, ಮುಂಜಾವಿನ ಚಳಿಯಲ್ಲಿ ಬಂದು ಬಗ್ಗಿ ನೋಡುತ್ತಿದ್ದ ಆ ಜನರು ಶೀತವಾದುದೆಲ್ಲವೂ ಶೀನವಾಗದೆಂಬುದನ್ನು ವ್ಯಾಕರಣವನ್ನು ಓದದೆಯೂ ಬಲ್ಲವರಾಗಿದ್ದರು. ಅತಿಶೈತ್ಯದ ಚರಿತ್ರೆಯಲ್ಲಿ ಫಾರನ್‌ಹೀಟ್, ಬ್ಲ್ಯಾಕ್, ಬ್ಲ್ಯಾಗ್ಡನರ ಹೆಸರುಗಳ ಪಕ್ಕದಲ್ಲಿ ಅವರಿಗೂ ಒಂದು ಪಂಕ್ತಿಯು ಸಲ್ಲಬೇಕು.